ಅಕ್ಕನಿಗೆ ಹಾಕಿಸಿದ ಬೆಲ್ಟುಗಳು

ಅಕ್ಕನನ್ನು ಕಾರಿನಲ್ಲಿ ಕರೆದುಕೊಂಡು ಹೋಗಬೇಕೆಂದರೆ ಕಟ್ಟಲೇಬೇಕಿತ್ತು. ಹುಟ್ಟುವಾಗ ಉಸಿರು ತಡವಾಗಿ ಬಂದದ್ದರಿಂದ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಕುತ್ತಿಗೆ ನಿಲ್ಲದು, ಬೆನ್ನು ನಿಲ್ಲದು. ಕೈಕಾಲುಗಳು ಮಾತ್ರ ಹೇಳದೆ ಕೇಳದೆ ಸೆಟೆದುಕೊಂಡು ಹತ್ತಿರವಿದ್ದವರಿಗೆ ಬಡಿಯುತ್ತಿದ್ದವು. ಬುದ್ಧಿಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ಯಾರು ಯಾರ ಬೆನ್ನ ಹಿಂದೆ ಏನು ಅಂದರು ಎಂಬುದೆಲ್ಲ ಅವಳಿಗೆ ನೆನಪಿರುತ್ತಿತ್ತು. ಅವಳ ಬಾಯಿಂದ ಹೊರಡುವ ಕೆಲವೇ ಕೆಲವು ಮಾತು ಅಪ್ಪ, ಅಮ್ಮ, ನಾನು ಮೂವರಿಗೆ ಬಿಟ್ಟರೆ ಬೇರೆಯವರಿಗೆ ಬರೀ ನರಳಾಟದಂತೆ ಕೇಳುತ್ತಿತ್ತು.

ಅಪ್ಪ ತಮಿಳುನಾಡಿನ ಕಾಂಗೇಯದ ಒಂದು ಎಣ್ಣೆ ಮಿಲ್ಲಿನ ಪಾಲುದಾರರು. ನಮ್ಮ ಮನೆ ಕೊಬ್ಬರಿ ಒಣಹಾಕುವ ಕಣದ ಪಕ್ಕದಲ್ಲೇ. ಅಕ್ಕನ ಕೈಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸುವ ಫಿಸಿಯೋ ಡಾಕ್ಟರು ಇದ್ದದ್ದು ಕೊಯಮತ್ತೂರಿನಲ್ಲಿ. ವಾರಕ್ಕೊಮ್ಮೆ ಪಲ್ಲಡಂ ಮೇಲಿಂದ ಕಾರಿನಲ್ಲಿ ಹೋಗಿ ಬರಬೇಕು. ಮಾಡಿಸದಿದ್ದರೆ ಕೀಲುಗಳು ಹಾಗೆಯೇ ಗಟ್ಟಿಯಾಗಿಬಿಡುತ್ತವೆ ಎಂದು ಆ ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಕಾರಿನ ಬೆಲ್ಟು ಅಕ್ಕನಿಗೆ ಉರುಳಾಗುತ್ತಿತ್ತು. ಬ್ರೇಕು ಒತ್ತಿದಾಗಲೆಲ್ಲ ಅವಳು ಸೀಟಿನಿಂದ ಕೆಳಗೆ ಜಾರುವಳು, ಬೆಲ್ಟು ಎದೆಯಿಂದ ಮೇಲೇರಿ ಗಂಟಲಿಗೆ ಸಿಕ್ಕಿಕೊಳ್ಳುವುದು. ಅದಕ್ಕೇ ಅಪ್ಪ ಅಮ್ಮನ ಹಳೆಯ ಸೀರೆಯೊಂದನ್ನು ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿಕೊಂಡಿದ್ದರು. ಒಂದನ್ನು ಕಂಕುಳ ಕೆಳಗೆ ಹಾಯಿಸಿ ಸೀಟಿನ ಹಿಂದೆ ಗಂಟು ಹಾಕುವುದು, ಇನ್ನೊಂದನ್ನು ಸೊಂಟಕ್ಕೆ. ಅಪ್ಪನ ಕೈಗೆ ದನ ಕಟ್ಟಿ ರೂಢಿ. ಮಂಡಿಯನ್ನು ಸೀಟಿಗೆ ಊರಿ ಬಿಗಿಯುವರು.

"ಮಾಡು ಕಟ್ಟಿದಂಗೆ ಕಟ್ಟಬೇಡಿ, ಅವಳು ನಿಮ್ಮ ಮಗಳು" ಎನ್ನುವಳು ಅಮ್ಮ. ನಮ್ಮ ಮನೆಯ ಕನ್ನಡದಲ್ಲಿ ದನಕ್ಕೆ ತಮಿಳಿನ ಹಾಗೆ ಮಾಡು ಎಂದೇ ಹೇಳುತ್ತಿದ್ದೆವು.

"ಮಾಡು ಆಗಿದ್ರೆ ಇಷ್ಟು ಒದೀತಾ ಇರಲಿಲ್ಲ" ಎನ್ನುವರು ಅಪ್ಪ.

ಅಕ್ಕ ನಗುವಳು. ಆ ಮಾತಿಗೆ ನಗುವಷ್ಟು ಸಲುಗೆ ಆಗ ಅಪ್ಪನಿಗೂ ಅವಳಿಗೂ ನಡುವೆ ಇತ್ತು.

ಅಪ್ಪ ಹೊಸ ಕಾರು ಕೊಂಡಾಗ ಸೀರೆಯ ಬದಲು ನಿಜವಾದ ಬೆಲ್ಟುಗಳನ್ನೇ ಹಾಕಿಸೋಣ ಎಂದವಳು ನಾನು. ನಾನಾಗ ಕೊಯಮತ್ತೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಅಲ್ಲೇ ಹಾಸ್ಟೆಲಿನಲ್ಲಿದ್ದೆ. ಕಾರಿಗೆ ಸೀಟು ಕವರು, ಹಾಡಿನ ಪೆಟ್ಟಿಗೆ ಹಾಕುವ ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಅಂಗಡಿಯವರು ಪಂದ್ಯದ ಕಾರುಗಳಲ್ಲಿ ಇರುವಂಥ ಬೆಲ್ಟು ತೋರಿಸಿದರು. ಎರಡು ಪಟ್ಟಿ ಭುಜದ ಮೇಲಿಂದ, ಎರಡು ಸೊಂಟದಿಂದ ಬಂದು ಹೊಟ್ಟೆಯ ಮೇಲೆ ಒಂದೇ ಬಿಲ್ಲೆಗೆ ಸೇರುತ್ತವೆ. ಹಿಂದಿನ ಸೀಟು ಬಿಚ್ಚಿ, ಕಾರಿನ ನೆಲಕ್ಕೆ ತೂತು ಕೊರೆದು, ಬೋಲ್ಟು ಹಾಕಿ ಬಿಗಿದರು.

"ಚಟ್ಟಪ್ರಕಾರ ತೊಂದರೆ ಇಲ್ಲ ತಾನೆ?" ಎಂದು ಅಪ್ಪ ತಮಿಳಿನಲ್ಲಿ ಕೇಳಿದರು. ಕಾನೂನಿಗೆ ಒಳಪಟ್ಟಿದೆಯೇ ಎಂದು.

"ಬೆಲ್ಟು ಇಲ್ಲಾಂದ್ರೆ ಅಲ್ವಾ ಸಾರ್ ತೊಂದರೆ? ಜಾಸ್ತಿ ಇದ್ರೆ ಯಾರು ಏನು ಕೇಳ್ತಾರೆ?" ಎಂದರು ಅಂಗಡಿಯವರು. ನಮಗೂ ಅದೇ ಸರಿ ಎನಿಸಿತು.

ಆಮೇಲಿನ ಕೆಲವು ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ ಒಳ್ಳೆಯವರಾಗಿದ್ದೆವು. ಅಕ್ಕ ಮೊದಲ ಸಲ ನೆಟ್ಟಗೆ ಕೂತು ಕಿಟಕಿಯಾಚೆ ನೋಡಿದಳು. ಅಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿಯೂ ಅವಳು ಕಂಡದ್ದು ಮುಂದಿನ ಸೀಟಿನ ಬೆನ್ನು, ಅಮ್ಮನ ಮಡಿಲು ಎರಡನ್ನೇ. ಈಗ ಗಾಳಿಯಂತ್ರದ ರೆಕ್ಕೆ ತಿರುಗುವುದನ್ನೂ, ಕೋಳಿ ಲಾರಿಯ ಹಿಂದೆ ಪುಕ್ಕ ಹಾರುವುದನ್ನೂ ಕಂಡು ಕಿರುಚುವಳು. ಒಂದು ಭಾನುವಾರ ಸುಮ್ಮಸುಮ್ಮನೆ ಧಾರಾಪುರದವರೆಗೆ ಹೋಗಿ ಅಮರಾವತಿಯ ಸೇತುವೆಯ ಮೇಲೆ ಕಾರು ನಿಲ್ಲಿಸಿದೆವು. ಹೊಳೆಯಲ್ಲಿ ನೀರು ಅಷ್ಟೇನೂ ಇರಲಿಲ್ಲ. ಅಕ್ಕ ಹೊರಡಲು ಬಿಡಲಿಲ್ಲ. ಹಿಂದೆ ನಿಂತ ಬಸ್ಸಿನವನು ಹಾರ್ನು ಹೊಡೆದೂ ಹೊಡೆದೂ ಬೈದ. ಅಪ್ಪ ಇಳಿದು ಅವನಿಗೆ ಕೈಮುಗಿದು, ಮತ್ತೂ ಸ್ವಲ್ಪ ಹೊತ್ತು ನಿಲ್ಲಿಸಿಯೇ ಹೊರಟರು.

ಪಲ್ಲಡದ ಸಿಗ್ನಲ್ಲಿನಲ್ಲಿ ಒಂದು ಲಾರಿ ನಮ್ಮ ಕಾರಿನ ಹಿಂಬದಿಗೆ ಮುಟ್ಟಿದ್ದರಿಂದ ಇದೆಲ್ಲ ಕೆಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಡಿಕ್ಕಿಯ ಬಾಗಿಲು ನುಗ್ಗಾಗಿತ್ತು, ಅಷ್ಟೇ. ಆದರೆ ಇನ್ಶೂರೆನ್ಸಿನ ಕಡೆಯಿಂದ ನೋಡಲು ಬಂದವನು ಹಿಂದಿನ ಸೀಟಿನ ಕೆಳಗೆ ಬಗ್ಗಿ, ಬೋಲ್ಟುಗಳ ಫೋಟೋ ತೆಗೆದುಕೊಂಡು, ಇದಕ್ಕೆ ಅನುಮತಿ ಉಂಟೇ ಎಂದು ಕೇಳಿದ. ಇರಲಿಲ್ಲ. ಹಾಗಾದರೆ ಮೊದಲು ಮೋಟಾರು ವಾಹನದ ಕಚೇರಿಗೆ ಗಾಡಿ ಒಯ್ದು ತೋರಿಸಿ, ಅವರು ಸರಿ ಎಂದರೆ ಮಾತ್ರ ಮುಂದಿನದು ಎಂದ.

ಅಕ್ಕನನ್ನೂ ಕಚೇರಿಗೆ ಕರೆದೊಯ್ಯುವುದು ಅಪ್ಪನ ಯೋಚನೆ. "ಇವಳನ್ನ ನೋಡಿದ್ರೆ ಆಫೀಸರಿಗೆ ತಾನಾಗೇ ಅರ್ಥ ಆಗ್ತದೆ" ಎಂದರು.

"ಭಿಕ್ಷೆ ಬೇಡೋರು ಕೂಸು ತೋರ್ಸಿದಂಗೆ ತೋರ್ಸ್ತೀರಾ?" ಎಂದಳು ಅಮ್ಮ. ಆದರೂ ಅಕ್ಕನಿಗೆ ತಲೆ ಬಾಚಿ, ಒಳ್ಳೆಯ ಚೂಡಿದಾರ ಹಾಕಿ, ಮಲ್ಲಿಗೆ ಮುಡಿಸಿದಳು.

ಕಚೇರಿಯ ಅಂಗಳದಲ್ಲಿ ಲೈಸೆನ್ಸಿಗಾಗಿ ಎಂಟು ಹಾಕಿ ತೋರಿಸುವವರು ಸಾಲುಗಟ್ಟಿ ನಿಂತಿದ್ದರು. ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ಬೈಯಲಿಲ್ಲ, ಲಂಚ ಕೇಳಲಿಲ್ಲ, ದನಿ ಎತ್ತಲಿಲ್ಲ. ಕಾರಿನ ಬಾಗಿಲು ತೆಗೆದು ಅಕ್ಕನನ್ನು ನೋಡಿ, "ಅಯ್ಯೋ ಪಾಪ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದರು.

"ಅಯ್ಯಾ, ಬುಕ್ಕಿನಲ್ಲಿ ನಿಮ್ಮ ವಂಡಿಗೆ ಐದು ಸೀಟು. ಐದು ಸೀಟಿಗೂ ಕಂಪನಿಯವರೇ ಬೆಲ್ಟು ಕೊಟ್ಟಿದ್ದಾರೆ. ಅದನ್ನ ಎಲ್ಲಿ ಬಿಗೀಬೇಕು, ಎಷ್ಟು ಭಾರ ತಡೀತದೆ ಅಂತ ಎಳೆದು ನೋಡಿಯೇ ವಂಡಿ ಹೊರಗೆ ಬಿಡೋದು. ನೀವು ನಿಮಗೆ ಬೇಕಾದ ಕಡೆ ಓಟೆ ಕೊರೆದು ಬೇರೆ ಬೆಲ್ಟು ಹಾಕಿದ್ರೆ ಅದು ವಂಡಿಯನ್ನ ಮಾರ್ಪಡಿಸಿದ ಹಾಗೆ. ತಪ್ಪು."

"ಇವಳಂಥವರಿಗೆ ಏನೂ ದಾರಿ ಇಲ್ಲವಾ ಸಾರ್?" ಎಂದೆ ನಾನು.

"ಓಡಿಸುವವರಿಗೆ ಅಂಗವಿಕಲತೆ ಇದ್ದರೆ ಅರ್ಜಿ ಹಾಕಿ ಮಾಡಿಸಿಕೊಳ್ಳಬಹುದು. ಸುಮ್ಮನೆ ಕೂತು ಬರುವವರಿಗೆ ನಾನು ಯಾವತ್ತೂ ಕೊಟ್ಟಿಲ್ಲಮ್ಮ. ನಾಳೆ ಆ ಬೋಲ್ಟು ಕಿತ್ತು ಬಂದು ಇವರು ಸತ್ತರೆ ನನ್ನ ಕೇಳ್ತಾರೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೋಲ್ಟು ಗಟ್ಟಿಯೋ ಅಲ್ಲವೋ ನಾವು ಯಾರೂ ಎಳೆದು ನೋಡಿರಲಿಲ್ಲ. ಅಪ್ಪ "ಊರಿಗೆ ಹೋಗಿ ಬಿಚ್ಚಿಸ್ತೀನಿ ಸಾರ್" ಎಂದರು.

"ಇಲ್ಲೇ ಬಿಚ್ಚಿಸಿ. ನೋಡಿದ ಮೇಲೆ ಹಾಗೇ ರೋಡಿಗೆ ಬಿಡೋಕೆ ಆಗಲ್ಲ."

ಗೇಟಿನಾಚೆಯಿಂದ ಮೆಕ್ಯಾನಿಕ್ ಬಂದ. ಸೀಟು ಬಿಚ್ಚಬೇಕಾದ್ದರಿಂದ ಅಕ್ಕನನ್ನು ಇಳಿಸಬೇಕಾಯಿತು. ಗಾಲಿಕುರ್ಚಿ ತಂದಿರಲಿಲ್ಲ. ಬೇವಿನ ಮರದ ಕೆಳಗೆ ಬೆಡ್‌ಶೀಟು ಹಾಸಿ ಮಲಗಿಸಿದೆವು. ಸಾಲಿನಲ್ಲಿದ್ದ ಹುಡುಗಿಯರು ಹೆಲ್ಮೆಟ್ಟು ಹಿಡಿದುಕೊಂಡೇ ತಿರುಗಿ ತಿರುಗಿ ನೋಡಿದರು. ಅಕ್ಕನ ಕಾಲು ಸೆಟೆದು ಪ್ಯಾಂಟು ಮೊಣಕಾಲಿನವರೆಗೆ ಸರಿಯಿತು. ಅಮ್ಮ ಎಳೆದು ಮುಚ್ಚಿದಳು. ಮತ್ತೆ ಸರಿಯಿತು. ಯಾರೋ ಒಬ್ಬಾಕೆ ಬಂದು ಅಕ್ಕನ ಪಕ್ಕದಲ್ಲಿ ಹತ್ತು ರೂಪಾಯಿಯ ನೋಟು ಇಟ್ಟು ಹೋದಳು. ಅಮ್ಮ ಆ ನೋಟನ್ನು ಎತ್ತಲೂ ಇಲ್ಲ, ಎಸೆಯಲೂ ಇಲ್ಲ. ಅಕ್ಕ ಅದನ್ನು ಓರೆಗಣ್ಣಿನಿಂದ ನೋಡುತ್ತಾ ಮಲಗಿದ್ದಳು.

ಕೆಲಸ ಮುಗಿದ ಮೇಲೆ ಅಪ್ಪ ಅಧಿಕಾರಿಯನ್ನು ಕೇಳಿದರು: "ಈಗ ಇವಳನ್ನ ಮನೆಗೆ ಹೇಗೆ ಕೊಂಡುಹೋಗ್ಲಿ ಸಾರ್? ಕೂರಿಸಿದರೆ ಬೀಳ್ತಾಳೆ."

"ಇಷ್ಟು ದಿನ ಹೇಗೆ ಕೊಂಡುಹೋಗ್ತಾ ಇದ್ರಿ?"

"ಸೀರೆಯಲ್ಲಿ ಕಟ್ಟಿ."

"ಹಾಗೇ ಕಟ್ಟಿಕೊಂಡು ಹೋಗಿ. ಬಟ್ಟೆಯಲ್ಲಿ ಕಟ್ಟಬಾರದು ಅಂತ ಎಲ್ಲೂ ಇಲ್ಲ" ಎಂದರು ಅವರು. ಹಂಗಿಸಿ ಹೇಳಿದ್ದಲ್ಲ, ನಮಗೆ ಸಹಾಯ ಮಾಡಲೆಂದೇ ಹೇಳಿದ್ದು.

ಆ ಸೀರೆಯ ಪಟ್ಟಿಗಳನ್ನೂ ನಾವು ತಂದಿರಲಿಲ್ಲ. ಅಕ್ಕನ ದುಪಟ್ಟಾ, ನನ್ನ ದುಪಟ್ಟಾ ಎರಡರಲ್ಲೂ ಕಟ್ಟಿ ಮನೆಗೆ ಬಂದೆವು. ತೂತುಗಳಿದ್ದ ಕಡೆ ಮೆಕ್ಯಾನಿಕ್ ಮೇಣದಂಥದ್ದೇನೋ ತುಂಬಿದ್ದ. ದಾರಿಯುದ್ದಕ್ಕೂ ಅದರ ಘಾಟು.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಫೋನುಗಳಲ್ಲಿ ಒಂದು ಸುದ್ದಿ ಹರಿದಾಡತೊಡಗಿತು. ಉತ್ತರದಿಂದ ಬಂದವರು ಹೆಣ್ಣುಮಕ್ಕಳನ್ನು ಕಾರಿನಲ್ಲಿ ಹೊತ್ತೊಯ್ಯುತ್ತಿದ್ದಾರೆ ಎಂದು. ತಿರುಪ್ಪೂರಿನ ಬನಿಯನ್ ಕಂಪನಿಗಳ ತುಂಬ ಉತ್ತರದ ಕೆಲಸಗಾರರು ಇದ್ದದ್ದರಿಂದ ಜನ ಬೇಗ ನಂಬಿದರು. ಅಮ್ಮನೂ ನಂಬಿದ್ದಳು. ನನಗೆ ಫೋನು ಮಾಡಿ, "ಸಾಯಂಕಾಲ ಆದ ಮೇಲೆ ಒಬ್ಬಳೇ ಹೊರಗೆ ಹೋಗಬೇಡ ಕಣ್ಣು" ಎಂದು ತಮಿಳರ ಮುದ್ದಿನ ಮಾತು ಸೇರಿಸಿ ಹೇಳಿದ್ದಳು.

ಆ ದಿನ ಅಕ್ಕನ ವ್ಯಾಯಾಮಕ್ಕೆ ಕೊಯಮತ್ತೂರಿನ ಆಸ್ಪತ್ರೆಗೆ ಹೋಗುವ ದಾರಿ. ನನಗೆ ಕಾಲೇಜಿಗೆ ರಜೆಯಾಗಿ ನಾನೂ ಊರಿನಿಂದಲೇ ಜೊತೆಗೆ ಹೊರಟಿದ್ದೆ. ಪೊಂಗಲೂರು ದಾಟಿದ ಮೇಲೆ ರಸ್ತೆಯ ಪಕ್ಕದ ಒಂದು ಬೇಕರಿಯ ಮುಂದೆ ಅಪ್ಪ ಕಾರು ನಿಲ್ಲಿಸಿದರು. ನಮ್ಮ ಕಡೆ ಚಹಾ ಕುಡಿಯುವುದು ಬೇಕರಿಯಲ್ಲೇ. ನಾನು ಇಳಿದು ಒಳಗೆ ಹೋದೆ. ಅಪ್ಪ ಸ್ಟೀರಿಂಗಿನ ಮುಂದೆ, ಅಮ್ಮ ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ. ಅಷ್ಟರಲ್ಲಿ ಅಕ್ಕನ ಮೈ ಸೆಟೆದು, ಎದೆಗೆ ಕಟ್ಟಿದ್ದ ಸೀರೆಯ ಪಟ್ಟಿ ಬಾಯಿಗೆ ಬಂದಿತು. ಅಮ್ಮ ಒಂದು ಕೈಯಲ್ಲಿ ಅವಳ ಗಲ್ಲ ಹಿಡಿದು ಇನ್ನೊಂದು ಕೈಯಲ್ಲಿ ಪಟ್ಟಿ ಕೆಳಗೆ ಎಳೆಯತೊಡಗಿದಳು. ಹೊರಗೆ ಚಹಾ ಕುಡಿಯುತ್ತಿದ್ದವರಿಗೆ ಕಂಡದ್ದು ಇಷ್ಟು: ಕೈಕಾಲು ಬಡಿಯುತ್ತಿರುವ ಒಬ್ಬ ಹೆಂಗಸನ್ನು ಸೀಟಿಗೆ ಕಟ್ಟಿಹಾಕಿದ್ದಾರೆ, ಇನ್ನೊಬ್ಬಳು ಅವಳ ಬಾಯಿ ಒತ್ತಿ ಹಿಡಿದಿದ್ದಾಳೆ.

ನಾನು ಚಹಾ ಹಿಡಿದು ತಿರುಗುವ ಹೊತ್ತಿಗೆ ಕಾರಿನ ಸುತ್ತ ಜನ. ಅಪ್ಪನನ್ನು ಅಂಗಿ ಹಿಡಿದು ಹೊರಗೆ ಎಳೆದಿದ್ದರು. ಅಪ್ಪನಿಗೆ ಆಗಲೇ ಅರವತ್ತು ದಾಟಿತ್ತು.

"ನನ್ನ ಮಗಳಪ್ಪಾ ಅವಳು, ನನ್ನ ಮಗಳು" ಎಂದು ಅಪ್ಪ ತಮಿಳಿನಲ್ಲೇ ಹೇಳುತ್ತಿದ್ದರು. ಅವರ ತಮಿಳಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಅಮ್ಮ ಗಾಬರಿಯಲ್ಲಿ ಕನ್ನಡದಲ್ಲಿ ಕೂಗಿಕೊಂಡಳು: "ಬಿಡ್ರೋ ಅವರನ್ನ! ಏನ್ರೋ ಮಾಡಿದ್ರು ಅವರು?"

"ಭಾಷೆ ಕೇಳು ಭಾಷೆ! ವಡಕ್ಕತ್ತಿಯವರು!" ಎಂದು ಯಾರೋ ಕೂಗಿದರು. ಉತ್ತರದವರು ಎಂದು. ನಮ್ಮ ಮುತ್ತಜ್ಜನ ಮುತ್ತಜ್ಜನೂ ಉತ್ತದ್ದು ಕಾಂಗೇಯದ ಮಣ್ಣನ್ನೇ. ಅದನ್ನು ಹೇಳುವುದಕ್ಕೆ ಅಲ್ಲಿ ಪುರಸೊತ್ತಿರಲಿಲ್ಲ. ಅಪ್ಪನ ಕೆನ್ನೆಗೆ ಒಂದು ಏಟು ಬಿತ್ತು. ಕನ್ನಡಕ ಬಿತ್ತು. ಆಮೇಲೆ ಬೆನ್ನಿಗೆ, ತಲೆಗೆ. ನಾನು ಚಹಾ ಚೆಲ್ಲಿ ನುಗ್ಗಿದೆ. ಒಬ್ಬ ನನ್ನ ತೋಳು ಹಿಡಿದು, "ನೀನು ಈ ಕಡೆ ಬಾಮ್ಮ, ಹೆದರಬೇಡ" ಎಂದು ಎಳೆದ. ನನ್ನನ್ನೂ ಕದ್ದು ತಂದಿದ್ದಾರೆಂದು ಅವನು ತಿಳಿದಿದ್ದ.

ಇನ್ನೊಬ್ಬ ಬ್ರೆಡ್ಡು ಕೊಯ್ಯುವ ಚಾಕು ತಂದು ಹಿಂದಿನ ಬಾಗಿಲು ತೆಗೆದ. "ಬೇಡ, ಬೀಳ್ತಾಳೆ!" ಎಂದು ಅಮ್ಮ ಅವನ ಕೈ ಹಿಡಿದಳು. ಅವಳನ್ನು ತಳ್ಳಿ ಅವನು ಎದೆಯ ಪಟ್ಟಿಯನ್ನು ಕೊಯ್ದ. ಅಕ್ಕ ಮುಗ್ಗರಿಸಿ ಮುಂದಿನ ಎರಡು ಸೀಟುಗಳ ನಡುವೆ ಮುಖ ಅಡಿಯಾಗಿ ಬಿದ್ದಳು. ಹಲ್ಲು ಯಾವುದಕ್ಕೋ ತಾಗಿದ ಸದ್ದು ಕೇಳಿಸಿತು.

ಎತ್ತಿ ಕೂರಿಸಿದಾಗ ಮುಂದಿನ ಹಲ್ಲುಗಳು ಮುರಿದು ತುಟಿ ಸೀಳಿತ್ತು. ಆ ರಕ್ತದ ಬಾಯಲ್ಲೇ ಅಕ್ಕ ನಗತೊಡಗಿದಳು. ಭಯವಾದರೆ ಅವಳಿಗೆ ನಗು ಬರುತ್ತಿತ್ತು. ಚಿಕ್ಕಂದಿನಿಂದಲೂ ಹಾಗೆಯೇ. ಸಿಡಿಲು ಬಡಿದರೆ ನಗುವಳು, ಸೂಜಿ ಚುಚ್ಚಿದರೆ ನಗುವಳು. ನಮಗೆಲ್ಲ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆದರೆ ಇಬ್ಬರು ಅವರ ಕೈ ಹಿಂದಕ್ಕೆ ತಿರುಚಿ ಹಿಡಿದಿದ್ದಾಗ, ಕನ್ನಡಕವಿಲ್ಲದ ಕಣ್ಣಿನಲ್ಲಿ ಅವರು ಕಂಡದ್ದು, ತನ್ನ ಕಡೆಗೇ ಮುಖ ಮಾಡಿ ಗಟ್ಟಿಯಾಗಿ ನಗುತ್ತಿದ್ದ ಮಗಳನ್ನು.

ಆ ನಗು ಕೇಳಿದ ಮೇಲೆಯೇ ಅವಳ ಮೈ ಇರುವುದೇ ಹೀಗೆ ಎಂದು ಜನಕ್ಕೆ ಅರ್ಥವಾದದ್ದು. ಹಿಡಿದ ಕೈಗಳು ಒಂದೊಂದಾಗಿ ಬಿಟ್ಟವು. ಹೊಡೆದವರು ಯಾರೂ ಅಲ್ಲಿ ಉಳಿಯಲಿಲ್ಲ. ಉಳಿದವರು ನೀರು ತಂದರು, ಕನ್ನಡಕ ಹುಡುಕಿಕೊಟ್ಟರು. ಒಬ್ಬ ಹಿರಿಯರು, "ಇಂಥವರನ್ನ ಹೊರಗೆ ಕರಕೊಂಡು ಬರೋವಾಗ ವಂಡಿ ಮೇಲೆ ಒಂದು ಬೋರ್ಡಾದರೂ ಹಾಕಬೇಕಯ್ಯಾ" ಎಂದು ಅಪ್ಪನಿಗೇ ಬುದ್ಧಿ ಹೇಳಿದರು. ಬೈಕಿನಲ್ಲಿ ಬಂದ ಪೊಲೀಸಿನವನು ಕೊಯ್ದ ಸೀರೆಯ ಚೂರನ್ನು ಎತ್ತಿ ನೋಡಿ, ನಿಜವಾದ ಕನಿಕರದಿಂದಲೇ ಕೇಳಿದ:

"ಏನ್ ಸಾರ್ ಇದು, ನಾರಿನಲ್ಲಿ ಹೊರೆ ಕಟ್ಟಿದಂಗೆ ಕಟ್ಟಿದ್ದೀರಿ. ಒಂದು ಒಳ್ಳೆ ಬೆಲ್ಟು ಹಾಕಿಸಬಾರದಾ? ಈಗ ಎಲ್ಲ ಸಿಗ್ತದೆ."

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡಿ ಬೇಡವೆಂದರು. ಅವನಿಗೆ ಕೈಮುಗಿದು, "ಹಾಕಿಸ್ತೀನಿ ಸಾರ್" ಎಂದರು.

ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿಸಿ ಮನೆಗೆ ಬಂದ ಮೇಲೆ ಅಪ್ಪ ಅಕ್ಕನ ಕೋಣೆಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಅಲ್ಲಿಯವರೆಗೆ ಬೆಳಿಗ್ಗೆ ಮಿಲ್ಲಿಗೆ ಹೊರಡುವ ಮುಂಚೆ ಅಕ್ಕನ ತಲೆ ಮುಟ್ಟಿ, "ಬರ್ಲಾ ಅಮ್ಮಿಣಿ?" ಎಂದು ಕೇಳುವುದು ಅವರ ರೂಢಿ. ಅಮ್ಮಿಣಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು. ಅದು ನಿಂತುಹೋಯಿತು. ವ್ಯಾಯಾಮದ ದಿನ ಬಂದಾಗ ಕಾರಿನ ಬೀಗದ ಕೈ ಜೇಬಿಗೆ ಹಾಕಿಕೊಂಡು ಮಿಲ್ಲಿಗೆ ನಡೆದೇ ಹೋದರು.

"ನಾನು ಓಡಿಸ್ತೀನಿ, ಕೀ ಕೊಡಿ ಅಪ್ಪ" ಎಂದೆ.

"ಇನ್ನು ಅವಳು ನನ್ನ ವಂಡಿ ಹತ್ತಲ್ಲ."

"ಕೀಲು ಹಿಡ್ಕೊಂಡ್ರೆ?"

"ಹಿಡ್ಕೊಳ್ಳಲಿ."

"ಅಪ್ಪಾ, ಅವಳಿಗೆ ಭಯ ಆದ್ರೆ ನಗು ಬರ್ತದೆ. ನಿಮಗೆ ಗೊತ್ತಿಲ್ವಾ?"

"ನನಗೆ ಎಲ್ಲ ಗೊತ್ತು" ಎಂದರು ಅಪ್ಪ. ಅಕ್ಕನ ಕೋಣೆಯ ಬಾಗಿಲು ತೆರೆದೇ ಇತ್ತು. ಅದು ಗೊತ್ತಿದ್ದೇ ದನಿ ಎತ್ತರಿಸಿದರು. "ರೋಡಲ್ಲಿ ನಾಯಿಗೆ ಹೊಡೆದಂಗೆ ನನ್ನ ಹೊಡೀತಿದ್ರು. ಅವಳು ನಕ್ಕಳು. ಅಷ್ಟೇ ನನಗೆ ಗೊತ್ತು."

ಒಳಗೆ ಅಕ್ಕ ಎಚ್ಚರವಾಗಿಯೇ ಇದ್ದಳು.

ಆ ವರ್ಷ ನಾವೆಲ್ಲ ಕೆಟ್ಟವರಾದೆವು. ಅಮ್ಮ ಅಪ್ಪನಿಗೆ ಊಟ ಬಡಿಸುವಾಗ ತಟ್ಟೆಯನ್ನು ತಳ್ಳುವಳು. ಅಪ್ಪ ತಿನ್ನುತ್ತಾ ತಿನ್ನುತ್ತಾ, ಅಕ್ಕನಿಗೆ ಕೇಳುವ ಹಾಗೆ, ಈ ಮನೆಗೆ ಯಾವಾಗ ವಿಡುದಲೆಯೋ ಎನ್ನುವರು. ಬಿಡುಗಡೆ ಎಂಬುದಕ್ಕೆ ನಾವು ಆಡುವ ಮಾತು ಅದು. ಅಕ್ಕನೂ ಸುಮ್ಮನಿರಲಿಲ್ಲ. ಉಣ್ಣಿಸಲು ಹೋದ ಅಮ್ಮನ ಬೆರಳನ್ನು ಮುರಿದ ಹಲ್ಲಿನಲ್ಲಿ ಕಚ್ಚಿ ಹಿಡಿದಳು, ರಕ್ತ ಬರುವವರೆಗೆ ಬಿಡಲಿಲ್ಲ. ಇದನ್ನೆಲ್ಲ ನಾನು ಬರೆಯುತ್ತಿರುವುದೂ ಒಳ್ಳೆಯತನದಿಂದಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೆ, ಅದೂ ದೊಡ್ಡವಳಾದ ಮೇಲೆ ಕಲಿತದ್ದು. ಅಪ್ಪ ಇದನ್ನು ಓದಲಾರರು. ತಮಿಳಿನಲ್ಲಾಗಿದ್ದರೆ ಬರೆಯುತ್ತಿರಲಿಲ್ಲ.

ನಾನು ವಿಚಾರಿಸುವುದನ್ನು ಮಾತ್ರ ಬಿಡಲಿಲ್ಲ. ಕಡೆಗೆ ದಾರಿಯೊಂದು ಇರುವುದು ಫಿಸಿಯೋ ಡಾಕ್ಟರಮ್ಮನಿಂದಲೇ ತಿಳಿಯಿತು. ಅಂಗಿಯಂತೆ ತೊಡಿಸುವ ದಪ್ಪ ಬಟ್ಟೆಯ ಕವಚವೊಂದು ಹೊರದೇಶದಲ್ಲಿ ಸಿಗುತ್ತದೆ. ಅದರ ಕೊಂಡಿಗಳ ಒಳಗೆ ಕಾರಿನದೇ ಬೆಲ್ಟನ್ನು ಹಾಯಿಸಬೇಕು. ತೂತು ಕೊರೆಯುವಂತಿಲ್ಲ, ಬೋಲ್ಟಿಲ್ಲ, ಕಾರಿಗೆ ಒಂದು ಗೀರೂ ಆಗದು. ಕಂಪನಿಯವರು ಹಾಕಿದ ಬೆಲ್ಟು ಹಾಕಿದ ಹಾಗೆಯೇ ಇರುತ್ತದೆ. ಅದೇ ಕಚೇರಿಗೆ ಹೋಗಿ ಕೇಳಿದೆ. ಬೇರೆ ಅಧಿಕಾರಿ ಇದ್ದರು. "ವಂಡಿಯನ್ನ ಮುಟ್ಟದೆ ಇದ್ದರೆ ನಮ್ಮದೇನೂ ಇಲ್ಲಮ್ಮ. ಮೊದಲೇ ಇದನ್ನ ತರಿಸಬಹುದಿತ್ತಲ್ಲ" ಎಂದರು.

ಅದು ಕೈಗೆ ಬರುವ ಹೊತ್ತಿಗೆ ಅಕ್ಕ ಮನೆಯಿಂದ ಹೊರಗೆ ಹೋಗಿ ವರ್ಷ ದಾಟಿತ್ತು. ಅಮ್ಮ ತನಗೆ ತಿಳಿದ ಹಾಗೆ ಕಾಲು ನೀವುತ್ತಿದ್ದಳು, ಅದು ಸಾಲದೆ ಹೋಗಿತ್ತು. ನನ್ನ ಬಲವಂತಕ್ಕೆ ಡಾಕ್ಟರಮ್ಮ ಕಾಂಗೇಯಕ್ಕೆ ಬಂದರು. ಕವಚ ತೊಡಿಸಿದೆವು. ಅಳತೆ ಸರಿಯಾಗಿಯೇ ಇತ್ತು. ಕೂರಿಸಲು ಹೋದರೆ ಸೊಂಟ ಬಾಗಲಿಲ್ಲ. ಡಾಕ್ಟರಮ್ಮ ತೊಡೆಯ ಕೆಳಗೆ ಕೈಕೊಟ್ಟು ಮೆಲ್ಲಗೆ ಎತ್ತಿದರು. ಅಕ್ಕ ಕಿರುಚಿದ ರಭಸಕ್ಕೆ ಕಣದಲ್ಲಿ ಕೊಬ್ಬರಿ ತಿರುವುತ್ತಿದ್ದ ಹೆಂಗಸರು ಓಡಿ ಬಂದರು.

"ಇನ್ನು ಕೂರೋಕೆ ಆಗಲ್ಲ" ಎಂದರು ಡಾಕ್ಟರಮ್ಮ. "ಆಪರೇಷನ್ ಮಾಡಿಸಿದರೂ ನಾನು ಭರವಸೆ ಕೊಡಲಾರೆ."

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವರು ಆ ಕೋಣೆಯ ಹತ್ತಿರ ಬಂದದ್ದು ಅವತ್ತೇ. ಅಮ್ಮ ಕವಚದ ಕೊಂಡಿ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದಳು: "ನಿಮ್ಮ ಕೆನ್ನೆ ಮೇಲಿನ ಏಟು ನಾಲ್ಕು ದಿನಕ್ಕೆ ವಾಸಿಯಾಯ್ತು ಅಲ್ವಾ? ನೋಡ್ಕೊಳ್ಳಿ ಈಗ, ಚೆನ್ನಾಗಿ ನೋಡ್ಕೊಳ್ಳಿ."

ಅಪ್ಪ ನೋಡಿದರು. ಆಮೇಲೆ ಮಿಲ್ಲಿಗೆ ಹೋದರು.

ಈಗ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿದಾಗಲೆಲ್ಲ ಮಲಗಿಸಿಕೊಂಡು ಹೋಗುವ ವ್ಯಾನು ಕರೆಸುತ್ತೇವೆ. ಅಮ್ಮ, ನಾನು ಅವಳ ಪಕ್ಕದ ಹಲಗೆಯ ಮೇಲೆ. ಅಪ್ಪ ಡ್ರೈವರಿನ ಪಕ್ಕ ಕೂರುತ್ತಾರೆ, ಬಾರದೆ ಇರುವುದಿಲ್ಲ. ಆದರೆ ದಾರಿಯುದ್ದಕ್ಕೂ ತಿರುಗಿ ನೋಡುವುದಿಲ್ಲ. ಮೊನ್ನೆ ಹೋದಾಗ ಸೂಲೂರಿನ ಹತ್ತಿರ ಅಕ್ಕ ಕೂಗಿದಳು. ಮತ್ತೆ ಕೂಗಿದಳು, ಇನ್ನೂ ಜೋರಾಗಿ. ಹೊಸ ಡ್ರೈವರಿಗೆ ಅದು ನರಳಾಟದಂತೆ ಕೇಳಿಸಿರಬೇಕು, ಹಿಂದೆ ತಿರುಗಿ ನೋಡಿ ಅಪ್ಪನನ್ನು ಕೇಳಿದ: "ಏನೋ ಹೇಳ್ತಾ ಇದ್ದಾರಲ್ಲ ಅಯ್ಯಾ, ನೋವಾ? ನಿಲ್ಲಿಸಲಾ?"

"ಏನೂ ಇಲ್ಲ. ಅದು ಸುಮ್ಮನೆ ಸದ್ದು" ಎಂದರು ಅಪ್ಪ. "ನೀನು ಓಡಿಸು."

ಅಕ್ಕ ಅಂದದ್ದು "ಅಪ್ಪಾ" ಎಂದು. ನಮಗೆ ಮೂವರಿಗೂ ಕೇಳಿಸಿತ್ತು.